ವಾರಸುದಾರಳು ಎಂದು ನಾನು ಕರೆದವಳು

ಅಮೆರಿಕದ ಆ ಹಳೆಯ ರಾಕ್ ಅಂಡ್ ರೋಲ್ ಹಾಡನ್ನು ಅವಳು ಶಿರಸಿಯ ಒಂದು ಆರತಕ್ಷತೆಯಲ್ಲಿ ಹಾಡಿದ್ದು, ಕುಣಿಯುವಂಥದ್ದೊಂದು ಬೇಕೆಂದು ಆರ್ಕೆಸ್ಟ್ರಾದವರು ಕೇಳಿದ್ದರಿಂದ. ಮೊಬೈಲಿನಲ್ಲಿ ಕೇಳಿ ಕಲಿತಿದ್ದಳು. ಯಾರೋ ಅದನ್ನು ಚಿತ್ರೀಕರಿಸಿ ಹರಿಯಬಿಟ್ಟರು. ಕೆಲವೇ ದಿನಗಳಲ್ಲಿ ಯಲ್ಲಾಪುರದ ಲಾರಿಗಳಲ್ಲೂ ಸಿದ್ದಾಪುರದ ಚಹಾದಂಗಡಿಗಳಲ್ಲೂ ಅವಳದೇ ದನಿ. ಆಫ್ರಿಕ ಮೂಲದ ಸಿದ್ದಿ ಸಮುದಾಯದವಳು, ಯಲ್ಲಾಪುರದ ಶಾಲೆಯಲ್ಲಿ ನನ್ನ ವಿದ್ಯಾರ್ಥಿನಿಯಾಗಿದ್ದವಳು. ನನಗೆ ಹೆಮ್ಮೆಯಾಯಿತು. ಹೆಮ್ಮೆಯ ಜೊತೆಗೆ ಭಾಷಣವೂ ಹುಟ್ಟಿತು.

ನಮ್ಮ ಮಹಿಳಾ ಸಂಘಟನೆಯ ಸಮಾವೇಶಕ್ಕೆ ಅವಳನ್ನು ಕರೆಸಿದೆ. ನಿರೂಪಣೆ ನನ್ನದೇ. ಕಪ್ಪು ಗಾಯಕರು ಕಟ್ಟಿದ ಸಂಗೀತವನ್ನು ಹಾಡಿ ಬಿಳಿಯರು ಖ್ಯಾತರಾದದ್ದು, ಆಫ್ರಿಕದ ಜನರನ್ನು ಹಡಗುಗಳಲ್ಲಿ ತುಂಬಿ ತಂದು ಮಾರಿದ್ದು, ಅವರ ಸಂತತಿಯನ್ನು ನಮ್ಮದೇ ಮನೆಗಳ ಜಗಲಿಯಿಂದ ಕೆಳಗೆ ನಿಲ್ಲಿಸಿದ್ದು, ಯಾವ ಅನ್ಯಾಯವನ್ನೂ ಬಿಡಲಿಲ್ಲ. ಕೊನೆಗೆ, "ಈ ಹಾಡು ಇಂದು ತನ್ನ ನಿಜವಾದ ವಾರಸುದಾರಳ ಬಳಿಗೆ ಮರಳಿದೆ" ಎಂದೆ. ಚಪ್ಪಾಳೆ ಬಹಳ ಹೊತ್ತು ಮೊಳಗಿತು. ಅವಳು ತಲೆ ತಗ್ಗಿಸಿದಳು, ವಿನಯವೆಂದುಕೊಂಡೆ. ಮೊದಲಿಗೊಂದು ಭಾವಗೀತೆ ಹಾಡುವೆನೆಂದು ಕೇಳಿಕೊಂಡಿದ್ದಳು. ನನ್ನ ಮಾತಿನಲ್ಲೇ ಹೊತ್ತು ಸರಿದು ಅದಕ್ಕೆ ಸಮಯ ಉಳಿದಿರಲಿಲ್ಲ.

ನನ್ನ ಆ ವಾಕ್ಯವೂ ಹಾಡಿನ ಜೊತೆ ಮೊಬೈಲುಗಳಲ್ಲಿ ಹರಿದಾಡಿತು. ಆರ್ಕೆಸ್ಟ್ರಾದ ಮಾಲೀಕರು ಅವಳಿಗೆ ಭಾವಗೀತೆ, ಸಿನಿಮಾ ಹಾಡು ಕೊಡುವುದನ್ನು ನಿಲ್ಲಿಸಿಬಿಟ್ಟರು. ಉಳಿದದ್ದು ಅದೊಂದೇ ಹಾಡು. ಅದೂ, ಅಲ್ಲಿಯವರೆಗೆ ಇಸ್ತ್ರಿ ಮಾಡಿದ ಸೀರೆಯುಟ್ಟು ವೇದಿಕೆ ಏರುತ್ತಿದ್ದವಳು ಸೊಂಟಕ್ಕೆ ಸೊಪ್ಪು ಕಟ್ಟಿಕೊಂಡು ಹಾಡಬೇಕು. ಇದು ಜನಾಂಗೀಯ ಅವಮಾನವೆಂದು ನಾನು ಫೋನಿನಲ್ಲಿ ಖಂಡಿಸಿದಾಗ ಮಾಲೀಕರಿಗೆ ಸಿಟ್ಟೇನೂ ಬರಲಿಲ್ಲ.

"ವಾರಸುದಾರಳು ಅಂದವ್ರು ನೀವೇ ಅಲ್ವಾ ಮೇಡಂ? ಜನ ಈಗ ಅದನ್ನೇ ಕೇಳ್ತಾರೆ. ಭಾವಗೀತೆಗೆ ಬೇರೆ ಹುಡುಗೀರಿದಾರೆ ಬಿಡಿ."

ಆ ವೇಷವನ್ನು ಖಂಡಿಸಿ ಪತ್ರಿಕೆಗೊಂದು ಲೇಖನ ಬರೆದುಕೊಂಡು ಅವಳ ಮನೆಗೆ ಹೋದೆ. ಮೊರದಲ್ಲಿ ಅಕ್ಕಿ ಆರಿಸುತ್ತ ಕುಳಿತಿದ್ದಳು. ನಾನು ಓದಿ ಹೇಳಿದ್ದನ್ನು ಪೂರ್ತಿ ಕೇಳಿಸಿಕೊಂಡಳು.

"ಬ್ಯಾಡ ಅಕ್ಕೋರೆ. ನೀವು ಹೇಳಿದ್ದು ಯಾವ್ದೂ ಸುಳ್ಳಲ್ಲ. ಆದ್ರೆ ನಾನು ಎಲ್ಲಾ ನಮೂನೆ ಹಾಡು ಹೇಳ್ತಿದ್ದೆ. ನೀವು ಒಂದೇ ನಂದು ಅಂದ್ರಿ. ಈಗ ಪೇಪರಿಗೆ ಬರೆದ್ರೆ ಅದೂ ಹೋಗ್ತದೆ."

ಆ ಲೇಖನ ಅಚ್ಚಾಗಲಿಲ್ಲ. ಯಾರ ಹೆಸರೂ ಇರದಿದ್ದರೆ ನನ್ನ ತಪ್ಪನ್ನಷ್ಟೇ ಹೀಗೆ ಬರೆದುಕೊಳ್ಳಬಹುದೆಂದು ಆಮೇಲೆ ಒಪ್ಪಿದಳು.

ಕಳೆದ ತಿಂಗಳು ಸಿದ್ದಾಪುರದಲ್ಲಿ ಅವಳ ಕಾರ್ಯಕ್ರಮವಿತ್ತು; ಹೋಗಿ ಮೊದಲ ಸಾಲಿನಲ್ಲಿ ಕುಳಿತೆ. ಸೊಪ್ಪು ಕಟ್ಟಿಕೊಂಡೇ ಹಾಡಿದಳು; ಹಿಂದೆಂದಿಗಿಂತ ಚೆನ್ನಾಗಿ ಹಾಡಿದಳು. ಸುತ್ತಲಿನವರು ಎದ್ದು ಕುಣಿದರು. ಚಪ್ಪಾಳೆ ತಟ್ಟಿದರೆ ಆ ವೇಷಕ್ಕೆ ಒಪ್ಪಿಗೆ ಕೊಟ್ಟಂತೆ ಎಂದು ನಾನು ಇನ್ನೂ ತರ್ಕಿಸುತ್ತಿದ್ದಾಗ ಹಾಡು ಮುಗಿಯಿತು. ಅವಳು ಮೊದಲ ಸಾಲಿನತ್ತ ನೋಡಿದಳು. ನನ್ನ ಕೈಗಳು ಮಡಿಲಲ್ಲೇ ಇದ್ದವು.