ನನ್ನ ಪೊದೆ, ಊರವರ ಉಪಕಾರ

ಅಮೆರಿಕದ ವರ್ಮಾಂಟ್‌ನ ನಮ್ಮ ಬೆಟ್ಟದೂರಿನಲ್ಲಿ ಗಂಡಸಿನ ಯೋಗ್ಯತೆ ಅಳೆಯುವುದು ಅವನ ಹುಲ್ಲುಗಾವಲಿನಿಂದ. ಹುಲ್ಲು ನೀಟಾಗಿ ಕತ್ತರಿಸಿದ್ದರೆ ಮರ್ಯಾದಸ್ಥ, ಪೊದೆ ಎದ್ದಿದ್ದರೆ ಸೋಮಾರಿ. ಆ ಲೆಕ್ಕದಲ್ಲಿ ಎಲ್ಮರ್ ಎಂಬ ನಾನು ಬಹಳ ವರ್ಷಗಳಿಂದ ಈ ಊರಿನ ಅಗ್ರಗಣ್ಯ ಸೋಮಾರಿ.

ನಮ್ಮಜ್ಜನ ಹಸುಗಳು ಮೇಯುತ್ತಿದ್ದ ಜಾಗ ಮನೆಯ ಹಿಂದೆಯೇ ಇದೆ. ಹಸುಗಳು ಹೋದ ಮೇಲೆ ಸುತ್ತಲಿನ ಕಾಡು ಒಳಗೆ ನುಗ್ಗಿತು. ನಾನು ಚಿಕ್ಕವನಿದ್ದಾಗ ಅಲ್ಲಿ ಕೂಗುತ್ತಿದ್ದ ಹಳದಿ ನೆತ್ತಿಯ, ಪಕ್ಕೆಯಲ್ಲಿ ಕಂದು ಗೆರೆಯ ಪುಟ್ಟ ಹಕ್ಕಿಗಳು ಕಾಣೆಯಾದವು. ಅವಕ್ಕೆ ದೊಡ್ಡ ಮರಗಳ ಕಾಡೂ ಆಗದು, ಬೋಳು ಹುಲ್ಲೂ ಆಗದು. ಎದೆಯೆತ್ತರದ ಪೊದೆಯೇ ಬೇಕು. ಹಾಗಾಗಿ ಪ್ರತಿ ಚಳಿಗಾಲ, ಗೂಡುಗಳಿಲ್ಲದ ಕಾಲದಲ್ಲಿ, ಒಂದೊಂದು ತುಂಡು ಜಾಗದ ಮರ ಕಡಿಯುತ್ತ ಬಂದೆ. ಬುಡಗಳು ಚಿಗುರಿದವು, ರಾಸ್‌ಬೆರಿ ಮುಳ್ಳು ಹಬ್ಬಿತು. ಒಂದು ತುಂಡು ತೀರಾ ಎತ್ತರವಾಗುವ ಹೊತ್ತಿಗೆ ಇನ್ನೊಂದು ತಯಾರಾಗಿರಬೇಕು. ನನ್ನ ಸೋಮಾರಿತನಕ್ಕೆ ನಾನು ಸುರಿಸಿದಷ್ಟು ಬೆವರನ್ನು ಯಾವ ಮರ್ಯಾದಸ್ಥನೂ ತನ್ನ ಹುಲ್ಲಿಗೆ ಸುರಿಸಿರಲಾರ.

ಇದನ್ನು ಹೆಂಡತಿ ವರ್ನಾಗೆ ಬಿಟ್ಟು ಯಾರಿಗೂ ಹೇಳಲಿಲ್ಲ. ಚಳಿಗಾಲದಲ್ಲಿ ನಾನು ಮರ ಕಡಿಯುವುದು ಸೌದೆಗೆ ಎಂದೇ ಊರವರು ತಿಳಿದಿದ್ದರು. ಮರ ಕಡಿಯುವ ಕಸುಬಿನಲ್ಲೇ ತಲೆ ನರೆತವನು, ಅಂಗೈಯಗಲದ ಹಕ್ಕಿಗಾಗಿ ಪೊದೆ ಸಾಕುತ್ತಿದ್ದೇನೆ ಎನ್ನುವುದು ಹೇಗೆ? ಅದಕ್ಕಿಂತ ಸೋಮಾರಿ ಅನ್ನಿಸಿಕೊಳ್ಳುವುದೇ ವಾಸಿ ಎಂದುಕೊಂಡ ಮಹಾ ಬುದ್ಧಿವಂತ ನಾನು.

ಈ ಜೂನ್‌ನಲ್ಲಿ ಕೊನೆಗೂ ಒಂದು ಜೋಡಿ ಬಂದು ಗೂಡು ಕಟ್ಟಿತು. ಅದೇ ವಾರ ನಾನು ನಾಯಿಯ ಬಟ್ಟಲು ಹಿಡಿದುಕೊಂಡು ಅಡುಗೆಮನೆಯ ಮೆಟ್ಟಿಲಿಂದ ಜಾರಿ ಕಾಲು ಮುರಿದುಕೊಂಡೆ. ಉರುಳುವ ಮರಗಳಿಂದ ಜೀವಮಾನವಿಡೀ ತಪ್ಪಿಸಿಕೊಂಡವನನ್ನು ಒಂದು ಗೇಣೆತ್ತರದ ಮೆಟ್ಟಿಲು ಕೆಡವಿತು.

ನಮ್ಮಲ್ಲಿ ಯಾರಾದರೂ ಹಾಸಿಗೆ ಹಿಡಿದರೆ ಊರವರನ್ನು ಕರೆಯಬೇಕಾಗಿಲ್ಲ. ಶನಿವಾರ ಬೆಳಿಗ್ಗೆ ಕೊಡಲಿ, ಟ್ರ್ಯಾಕ್ಟರ್, ಬೇಯಿಸಿದ ಬೀನ್ಸ್ ಪಾತ್ರೆಗಳ ಸಮೇತ ಅವರೇ ಬಂದುಬಿಡುತ್ತಾರೆ. ಪಕ್ಕದ ಹೊಲದ ರೋಲಾಂಡ್, ಅರ್ಧ ಊರಿಗೆ ಕೇಳುವ ಗಂಟಲಿನವನು, ನನ್ನ ಕಿಟಕಿಯ ಕೆಳಗೆ ಬಂದು ನಿಂತ.

"ಆರಾಮಾಗಿ ಮಲಕ್ಕೋ ಮಾರಾಯ. ನಿನ್ನ ಹಿಂದ್ಗಡೆ ಗಲೀಜನ್ನೆಲ್ಲ ಇವತ್ತು ಬೋಳಿಸಿ ಕೊಡ್ತೀವಿ."

"ಬೇಡ ಕಣೋ. ಇರ್ಲಿ ಬಿಡು."

"ನಾಚ್ಕೋಬೇಡ. ಸೋಮಾರಿಗಳಿಗೂ ಕಾಲು ಮುರಿಯುತ್ತೆ."

ನಮ್ಮೂರಲ್ಲಿ ಉಪಕಾರಕ್ಕೆ ಬೇಡ ಅನ್ನುವುದು ಬರೀ ಸೌಜನ್ಯ. ಬೇಡ ಅಂದಷ್ಟೂ ಹೆಚ್ಚು ಕೆಲಸ ಮಾಡಿಕೊಡುತ್ತಾರೆ. ರೋಲಾಂಡ್ ಟ್ರ್ಯಾಕ್ಟರ್ ಹತ್ತಿದ.

"ನೀನಾದ್ರೂ ಹೋಗಿ ಹೇಳೇ," ಅಂದೆ ವರ್ನಾಗೆ.

"ನಾನ್ಯಾಕೆ ಹೇಳ್ಲಿ? ಪೊದೆ ನಿಂದು, ನಾಚಿಕೆನೂ ನಿಂದೇ. ಯಾವುದು ಉಳಿಬೇಕೋ ನೀನೇ ನೋಡ್ಕೋ."

ಅಷ್ಟರಲ್ಲಿ ಟ್ರ್ಯಾಕ್ಟರ್ ಅಂಚಿನ ಪೊದೆಯೊಳಗೆ ನುಗ್ಗಿತು. ರಾಸ್‌ಬೆರಿ ಗಿಡಗಳು ಪಟಪಟ ಮುರಿದವು. ಒಳಚಡ್ಡಿಯಲ್ಲೇ ಅರ್ಧ ಮೈ ಕಿಟಕಿಯಾಚೆ ಚಾಚಿ ಅರಚಿದೆ.

"ನಿಲ್ಸೋ! ಅಲ್ಲಿ ಹಕ್ಕಿ ಗೂಡಿದೆ. ಹಕ್ಕಿಗೇ ಅಂತ ಬೆಳೆಸಿರೋದು ಅದನ್ನ. ನಾನೇ ಬೆಳೆಸಿರೋದು."

ಇಂಜಿನ್ ನಿಂತಿತು. ಊರಿಗೆ ಊರೇ ತಿರುಗಿ ನನ್ನನ್ನು ನೋಡಿತು.

"ಹಂಗಾದ್ರೆ ನೀನು ಸೋಮಾರಿ ಅಲ್ವಾ?" ರೋಲಾಂಡ್‌ಗೆ ನಿಜವಾಗಿಯೂ ಬೇಜಾರಾಗಿತ್ತು. "ನನ್ನ ಮಕ್ಕಳಿಗೆ ನಿನ್ನನ್ನ ತೋರಿಸ್ಕೊಂಡೇ ಕೆಲಸ ಕಲಿಸಿದೀನಲ್ಲೋ."

ಎಲ್ಲರೂ ಬಿದ್ದು ಬಿದ್ದು ನಕ್ಕರು. ನನಗೆ ನಗು ಬರಲಿಲ್ಲ.

"ಗೂಡು ನಿನ್ನ ಮುಂದಿನ ಚಕ್ರದ ಹತ್ರಾನೇ ಇತ್ತು ರೋಲಾಂಡ್," ಅಂದೆ.

ನಗು ನಿಂತಿತು. ರೋಲಾಂಡ್ ಇಳಿದು, ಮಂಡಿಯೂರಿ, ಬರಿಗೈಯಲ್ಲಿ ಮುಳ್ಳು ಸರಿಸುತ್ತ ಪೊದೆಯೊಳಗೆ ಹೋದ. ಅವನ ಬೂಟು ಮಾತ್ರ ಕಾಣುತ್ತಿತ್ತು. ಬಹಳ ಹೊತ್ತಿನ ಮೇಲೆ ಹಿಂದಕ್ಕೆ ತೆವಳಿ ಬಂದವನು, ಕೈತುಂಬ ರಕ್ತದ ಗೀರುಗಳೊಂದಿಗೆ ಕಿಟಕಿಯ ಹತ್ತಿರ ಬಂದ. ಅವನಿಗೂ ಪಿಸುಮಾತು ಬರುತ್ತದೆಂದು ನನಗೆ ಗೊತ್ತಿರಲಿಲ್ಲ.

"ಕೂತಿದಾಳೆ ಕಣೋ. ನನ್ನನ್ನೇ ನೋಡಿದ್ಲು, ಏಳ್ಲೇ ಇಲ್ಲ."

ಟ್ರ್ಯಾಕ್ಟರನ್ನು ಮತ್ತೆ ಚಾಲೂ ಮಾಡದೆ, ಎಲ್ಲರೂ ಸೇರಿ ಕೈಯಿಂದಲೇ ತಳ್ಳಿ ರಸ್ತೆಗೆ ತಂದರು. ಬಂದ ಮೇಲೆ ಕೆಲಸ ಮಾಡದೆ ಹೋಗುವ ಜನ ಅವರಲ್ಲ. ಮನೆಯ ಮುಂದುಗಡೆ ನನ್ನ ಸೌದೆಯನ್ನೆಲ್ಲ ಒಡೆದು ಪೇರಿಸಿದರು. ಮಧ್ಯಾಹ್ನ ಬೀನ್ಸ್ ತಿನ್ನುವಾಗಲೂ ಯಾರೊಬ್ಬರೂ ದನಿ ಎತ್ತಲಿಲ್ಲ. ವರ್ನಾಳ ಹೆಗಲು ಹಿಡಿದು ಮುಂದಿನ ಕೋಣೆಯ ಕಿಟಕಿಗೆ ಬಂದು ಕೂತು ನೋಡುತ್ತಿದ್ದ ನನಗೆ ಅಳು ಬಂತು. ಇಷ್ಟು ವರ್ಷ ನಾನು ಹೆದರಿದ್ದು ಈ ಜನಕ್ಕೆ.