ಹೊಳಲ್ಕೆರೆಯಲ್ಲಿ ಬಿಟ್ಟುಕೊಟ್ಟ ಕುರ್ಚಿ

ಎರಡು ಸಾವಿರದ ಇಸವಿ ಕಳೆದ ಹೊಸತು. ಹೊಳಲ್ಕೆರೆಯ ಶಾಲೆಯೊಂದರ ಕಂಪ್ಯೂಟರುಗಳಿಗೆ ಲಿನಕ್ಸ್ ಎಂಬ ಉಚಿತ ತಂತ್ರಾಂಶ ಹಾಕಿಕೊಡಲು ನಮ್ಮ ಬಳಗ ಒಪ್ಪಿಕೊಂಡಿತ್ತು. ಬಳಗ ಎಂದರೆ ಭಾನುವಾರ ಪುಕ್ಕಟೆ ದುಡಿಯುವ ಆರೇಳು ಜನ, ಮುಂದಾಳು ನಾನು. ಯಾರಾದರೂ ಕೀಬೋರ್ಡಿನ ಮುಂದೆ ಒಂದು ನಿಮಿಷ ತಡವರಿಸಿದರೆ ಸಾಕು, ನನಗೆ ಮೈ ಉರಿಯುತ್ತಿತ್ತು. "ಸರೀರಿ, ಇತ್ಲಾಗೆ ಕೊಡ್ರಿ" ಎಂದು ಕಿತ್ತುಕೊಂಡು ನಾನೇ ಮುಗಿಸುತ್ತಿದ್ದೆ. ಆಮೇಲೆ, ಇವರು ಯಾರೂ ಏನೂ ಕಲಿಯುವುದಿಲ್ಲ ಎಂದು ಗೊಣಗುತ್ತಿದ್ದವನೂ ನಾನೇ.

ಆ ಭಾನುವಾರ ಬೆಳಿಗ್ಗೆ ಉಳಿದವರು ಮುಂಚೆಯೇ ಹೋಗಿದ್ದರು; ನಾನು ಹತ್ತಿದ ಬಸ್ಸು ನಮ್ಮೂರು ಹಿರಿಯೂರು ದಾಟುತ್ತಲೇ ಕೆಟ್ಟು ನಿಂತಿತು. ನಾನಿಲ್ಲದೆ ಇವರು ಆ ಕಂಪ್ಯೂಟರುಗಳಲ್ಲಿರುವ ಮಕ್ಕಳ ಅಂಕಪಟ್ಟಿಗಳನ್ನೆಲ್ಲ ಅಳಿಸಿಹಾಕುತ್ತಾರೆ ಎಂದುಕೊಂಡೆ. ರಸ್ತೆಬದಿಯಲ್ಲಿ ಅತ್ತಿಂದಿತ್ತ ತಿರುಗಿದೆ. ಯಾವಾಗ ಹೊರಡುತ್ತದೆ ಎಂದು ಕಂಡಕ್ಟರನನ್ನು ಮತ್ತೆ ಮತ್ತೆ ಕೇಳಿದೆ. "ಕುಂತ್ಕಳ್ರಿ ಸಾರ್, ನೀವು ಅಡ್ಡಾಡಿದ್ರೆ ಬಸ್ಸು ರಿಪೇರಿ ಆಗ್ತೈತಾ?" ಎಂದ. ಕೂರಲಿಲ್ಲ.

ಹೊಳಲ್ಕೆರೆ ಮುಟ್ಟಿದಾಗ ಮಧ್ಯಾಹ್ನ ಮೂರು ಗಂಟೆ. ಶಾಲೆಯ ಕೋಣೆಯೊಳಗಿಂದ ನಗು ಕೇಳಿಸುತ್ತಿತ್ತು. ಒಂದನ್ನು ಬಿಟ್ಟು ಎಲ್ಲ ಕಂಪ್ಯೂಟರುಗಳೂ ಸಿದ್ಧವಾಗಿದ್ದವು. ಅಂಕಪಟ್ಟಿಗಳು ಭದ್ರವಾಗಿದ್ದವು. ಉಳಿದ ಒಂದರ ಮುಂದೆ ನಮ್ಮ ಬಳಗದ ಟೀಚರಮ್ಮ ಕುಳಿತಿದ್ದರು. ತಿಂಗಳುಗಟ್ಟಲೆ ಜೊತೆಗೆ ಬಂದರೂ ಅವರು ಕೀಬೋರ್ಡ್ ಮುಟ್ಟಿದ್ದನ್ನು ನಾನು ಕಂಡಿರಲಿಲ್ಲ. ಈಗ ಬೆರಳುಗಳು ಸರಾಗವಾಗಿ ಓಡುತ್ತಿದ್ದವು.

ನನ್ನನ್ನು ಕಂಡೊಡನೆ ನಗು ನಿಂತಿತು. ಟೀಚರಮ್ಮ ಕೆಲಸವನ್ನು ಅರ್ಧಕ್ಕೇ ಬಿಟ್ಟು ಎದ್ದು, ಕುರ್ಚಿಯನ್ನು ನನ್ನತ್ತ ಸರಿಸಿದರು.

"ಬರ್ರಿ ಸಾರ್, ನೀವೇ ಮಾಡ್ರಿ."

ಕೂರಬಾರದು ಎಂದು ಆ ಕ್ಷಣವೇ ಗೊತ್ತಾಯಿತು. ಆದರೂ ಕೂತೆ.