ವಾಕಾ ಕೂಗಿದ ಹಗಲು

ಯೋರುನಳನ್ನು ಸಂತೆಯಲ್ಲಿ ನಿಲ್ಲಿಸಿ ಬೆಲೆ ಕಟ್ಟುವುದಾದರೆ ಹೀಗೆ: ವಯಸ್ಸು ಅರವತ್ತರ ಆಚೆ, ಮೈಕಟ್ಟು ಗಟ್ಟಿ, ಎಡಮಂಡಿ ತುಸು ಸೊಟ್ಟ, ಹಲ್ಲೆಲ್ಲ ಸ್ವಂತದ್ದು, ಒದೆಯುವ ಸ್ವಭಾವ. ಯೋಚಿಸಿ ಕೊಳ್ಳಬೇಕಾದ ಮಾಲು. ನನ್ನ ಅಂಗಡಿಯಲ್ಲಿ ಬೇಲಿತಂತಿಯನ್ನು ಕಚ್ಚಿ ನೋಡಿ ಚೌಕಾಸಿ ಮಾಡುವವಳು ಅವಳೊಬ್ಬಳೇ.

ಐಸ್‌ಲ್ಯಾಂಡಿನ ದಕ್ಷಿಣದಲ್ಲಿ, ಏಯಾಫ್ಯೋಟ್ಲ್ ಎಂಬ ಹಿಮ ಹೊದ್ದ ಜ್ವಾಲಾಮುಖಿ ಬೆಟ್ಟದ ತಪ್ಪಲಲ್ಲಿ ಅವಳ ಮನೆ. ಗಂಡ ತೀರಿಕೊಂಡ ಮೇಲೆ ಉಳಿದದ್ದು ಕುದುರೆಗಳ ಮಂದೆ. ಅದಕ್ಕೆ ಮುಂದಾಳು ವಾಕಾ ಎಂಬ ಹೆಣ್ಣುಕುದುರೆ. ವಾಕಾ ನಡೆದರೆ ಮಂದೆ ನಡೆಯುತ್ತಿತ್ತು, ನಿಂತರೆ ನಿಲ್ಲುತ್ತಿತ್ತು. ಅಂಥದ್ದನ್ನೇ 2010ರ ವಸಂತದಲ್ಲಿ ಅವಳು ಹ್ಯಾಲ್ತಿಗೆ ಮಾರಿದಳು. ಹ್ಯಾಲ್ತಿ ಅವಳ ಜೊತೆ ಶಾಲೆ ಕಲಿತವನು. ಕುದುರೆಗಳನ್ನು ವಿಮಾನ ಹತ್ತಿಸಿ ಜರ್ಮನಿಗೆ ಕಳಿಸುವ ವ್ಯಾಪಾರಿ. ಈ ದೇಶ ಬಿಟ್ಟ ಕುದುರೆ ಮತ್ತೆ ಕಾಲಿಡುವಂತಿಲ್ಲ, ರೋಗ ತರುತ್ತದೆಂದು ಕಾನೂನು. ಗೊತ್ತಿದ್ದೇ ಮಾರಿದಳು. ಅದರ ಮರಿ ಪೆರ್ಲಾ ಕೊಟ್ಟಿಗೆಯಲ್ಲಿತ್ತು. ನಾಳೆ ತಾಯಿಯ ಜಾಗ ತುಂಬುತ್ತದೆಂಬ ನಂಬಿಕೆ.

ವಾಕಾ ವಿಮಾನ ನಿಲ್ದಾಣದ ಹತ್ತಿರದ ಲಾಯ ಸೇರಿದ್ದೇ ತಡ, ಬೆಟ್ಟ ಬಾಯಿಬಿಟ್ಟಿತು.

ನಡುಹಗಲಲ್ಲಿ ಕಗ್ಗತ್ತಲು. ಕಿಟಕಿಯ ಗಾಜನ್ನು ಯಾರೋ ಉಗುರಿನಿಂದ ಕೆರೆಯುತ್ತಿರುವಂತೆ ಬೂದಿ ಸುರಿಯಿತು. ಮಂದೆ ಹೊಳೆದಂಡೆಯ ಬಯಲಲ್ಲಿತ್ತು. ಬೂದಿ ಮೆತ್ತಿದ ಹುಲ್ಲು ವಿಷ. ಹಿಂದೆ ಭೂಮಿ ಬೆಂಕಿ ಕಾರಿದಾಗ ಮೂಳೆ ಗಂಟುಗಟ್ಟಿ ಸತ್ತ ದನಕುರಿಗಳ ಕಥೆ ಕೇಳುತ್ತಲೇ ನಮ್ಮ ಮಕ್ಕಳು ಬೆಳೆಯುತ್ತಾರೆ. ಯೋರುನ್ ಬೇಲಿ ತಡವುತ್ತ ಹೋಗಿ ಕೂಗಿದಳು. ಕತ್ತಲೊಳಗೆ ಗೊರಸಿನ ಸದ್ದು, ಕೆಮ್ಮು, ಉಸಿರು. ಹತ್ತಿರ ಬಂದಂತಾಗಿ ದೂರ ಸರಿಯಿತು. ಒಂದೂ ಬರಲಿಲ್ಲ.

ಮನೆಗೆ ಬಂದು ಫೋನ್ ಮಾಡಿದಳು. “ಹ್ಯಾಲ್ತಿ, ವಾಕಾನ್ನ ವಾಪಸ್ ಕರ್ಕೊಂಡ್ ಬಾ.”

“ತಲೆ ಕೆಟ್ಟಿದ್ಯಾ? ಮಾರಿದ ಮಾಲು ಅದು.”

“ಮಾಲು ಅಲ್ಲಿ ಸುಮ್ನೆ ನಿಂತು ಮೇಯ್ತಿದೆ ತಾನೆ? ಯುರೋಪಲ್ಲಿ ಒಂದು ವಿಮಾನಾನೂ ಹಾರ್ತಿಲ್ಲ ಅಂತ ರೇಡಿಯೋದಲ್ಲಿ ಬಡ್ಕೋತಿದಾರೆ.”

“ನಿನ್ನ ಬೆಟ್ಟದ ದೆಸೆಯಿಂದ ಕಣೆ! ಇಂಜಿನ್ನಿಗೆ ಬೂದಿ ಹೊಕ್ರೆ ಕರಗಿ ಗಾಜಾಗುತ್ತಂತೆ.”

“ನನ್ನ ಬೆಟ್ಟವಂತೆ! ಬೇಕಿದ್ರೆ ಅದನ್ನೂ ಮಾರ್ತೀನಿ, ತಗೋ.”

ಹ್ಯಾಲ್ತಿ ನಗಲಿಲ್ಲ. “ಬೂದಿ ಕುಡಿದ ಕುದುರೆ ಬೇಡ ಅಂತ ಜರ್ಮನಿಯೋರು ಅಂದ್ರೆ ನಾನು ಮುಳುಗ್ತೀನಿ. ತರ್ತೀನಿ, ಆದ್ರೆ ಪೆರ್ಲಾನೂ ನಂಗೆ ಕೊಡ್ಬೇಕು.”

ಅವಳು ಕಿಟಕಿಯಾಚೆ ಕೊಟ್ಟಿಗೆಯ ಕಡೆ ಕಣ್ಣು ಹಾಯಿಸಿದಳು; ಕತ್ತಲಷ್ಟೇ ಕಂಡಿತು.

“ನೀನು ಹುಟ್ಟಿದಾಗಿಂದ್ಲೂ ಹೀಗೇನಾ, ಇಲ್ಲ ಕಷ್ಟಪಟ್ಟು ಕಲಿತ್ಯಾ?” ಎಂದಳು ಯೋರುನ್. “ಕೊಟ್ಟೆ, ಹೊರಡು. ಮೂಗಿಗೆ ಒದ್ದೆ ಬಟ್ಟೆ ಕಟ್ಟು. ನಿಂಗಲ್ಲ, ಅದಕ್ಕೆ.”

ಮರುದಿನ ಅವನು ಗಾಡಿಯಿಂದ ವಾಕಾಳನ್ನು ಇಳಿಸಿದಾಗಲೂ ಹಗಲು ಮೂಡಿರಲಿಲ್ಲ. ಬೇಲಿಯ ಗೇಟಿನ ಬಳಿ ಯೋರುನ್ ಹಗ್ಗ ಬಿಚ್ಚಿದಳು.

“ಬಿಡಬೇಡ ಕಣೆ! ಅದೂ ಹೋದ್ರೆ?”

“ಹಗ್ಗ ಕಟ್ಟಿಸ್ಕೊಂಡಿರೋಳ ಹಿಂದೆ ಯಾರು ಬರ್ತಾರೋ?”

ವಾಕಾ ಕತ್ತಲಲ್ಲಿ ಕರಗಿತು. ಬಹಳ ಹೊತ್ತಿನ ಮೇಲೆ ಒಂದು ಕೂಗು. ಹೊಳೆಯ ಕಡೆಯಿಂದ ಇನ್ನೊಂದು. ಆಮೇಲೆ ನೆಲವೇ ಸಣ್ಣಗೆ ನಡುಗುತ್ತ ಬಂತು. ಕರಿಯದು, ಕಂದು, ಬಿಳಿ ಎಂಬ ಭೇದವಿಲ್ಲ. ಎಲ್ಲಕ್ಕೂ ಒಂದೇ ಬಣ್ಣ, ಹೂತಿಟ್ಟವು ಎದ್ದು ಬಂದಂತೆ. ಕೊಟ್ಟಿಗೆಯ ಬಾಗಿಲಲ್ಲಿ ಯೋರುನ್ ಒಂದೊಂದರ ಕುತ್ತಿಗೆ ಮುಟ್ಟಿ ಹೆಸರು ಹೇಳಿ ಒಳಬಿಟ್ಟಳು. ಎಲ್ಲವೂ ಬಂದವು. ಆದರೂ ವಾಕಾ ಹೊರಗೆ ಮುಖಮಾಡಿ ಮತ್ತೆ ಕೂಗಿತು. ಕತ್ತಲೊಳಗೆ ಗೊರಸಿನ ಸದ್ದು ನಿಂತಿರಲಿಲ್ಲ.

“ಎಲ್ಲಾ ಬಂದ್ವಲ್ಲ, ಇನ್ಯಾವ್ದೇ ಅದು?” ಹ್ಯಾಲ್ತಿಯ ದನಿ ಒಡೆದಿತ್ತು.

ಯೋರುನ್ ಬಾಗಿಲು ಹಿಡಿದು ಕಾದಳು. ಯಾವುದೂ ಬರಲಿಲ್ಲ. ಬಾಗಿಲು ಹಾಕಿದಳು.

ಆಕಾಶ ತೆರೆದು ವಿಮಾನಗಳು ಮತ್ತೆ ಹಾರತೊಡಗಿದಾಗ ವಾಕಾಳ ಹಿಂದೆ ಪೆರ್ಲಾಳನ್ನೂ ತಾನೇ ಗಾಡಿ ಹತ್ತಿಸಿದಳು. ಹ್ಯಾಲ್ತಿ ಕಾಲಿಂದ ನೆಲ ಕೆರೆಯುತ್ತ ನಿಂತ. “ಬೇಕಿದ್ರೆ ಮರಿ ಇಟ್ಕೋ, ಯೋರುನ್.”

“ಮಾತು ಕೊಟ್ಟಾಯ್ತು. ಮತ್ತೆ ಇಲ್ಲಿ ಅದಕ್ಕೆ ಮೇಯೋಕೇನಿದೆ? ತಾಯಿ ಜೊತೆಗಿರ್ಲಿ.”

ಮಂದೆಗೆ ಇಂದಿಗೂ ಮುಂದಾಳಿಲ್ಲ. ಗಾಳಿ ಎದ್ದು ಹಳೆಯ ಬೂದಿ ಹಾರಿದ ದಿನ ಕುದುರೆಗಳು ಮೇಯುವುದನ್ನು ಬಿಟ್ಟು ಹೊಳೆಯ ಕಡೆ ಕಿವಿ ನಿಮಿರಿಸುತ್ತವೆ. ಬಕೆಟ್ ಹಿಡಿದ ಯೋರುನಳೂ ನಿಲ್ಲುತ್ತಾಳೆ. “ಕೇಳಿಸ್ತಾ?” ಎಂದು ಒಮ್ಮೆ ನನ್ನನ್ನೂ ಕೇಳಿದಳು. ಇಲ್ಲ ಎಂದೆ.

ಆ ಮಂದೆಯಲ್ಲಿ ಎರಡು ಕುದುರೆ ನನ್ನವು. ಚಳಿಗಾಲಕ್ಕೆಂದು ಅವಳಲ್ಲಿ ಬಿಟ್ಟಿದ್ದೆ. ಅವಳು ಪೆರ್ಲಾಳನ್ನು ಕೊಟ್ಟದ್ದರಿಂದ ಅವು ಬದುಕಿವೆ. ಅಷ್ಟು ಋಣ ನನ್ನ ಮೇಲಿದೆ.